ನಾಲ್ಕು ತಿರುಪು

ಅಧ್ಯಕ್ಷರ ಚುನಾವಣೆ ಇಲ್ಲದ ವರ್ಷ.
ಮತಗಟ್ಟೆಯಲ್ಲಿ ಸಾಲೇ ಇರಲಿಲ್ಲ;
ಆದರೂ ಕೆಂಟಕಿಯಲ್ಲಿ ಪಕ್ಷ ಮಗುಚಿತು.

ಒಹಾಯೊ ಹೊಳೆಯ ಸೇತುವೆ ದಾಟಿದೊಡನೆ ಸಿಗುವ
ಸ್ವಾಗತ ಫಲಕಕ್ಕೆ, ಡಿಸೆಂಬರಿನ ಗಾಳಿಯಲ್ಲಿ,
ಏಣಿ ಹಾಕಿದಳು ಲೊರೀನ್ ಸ್ಟಿಗಾಲ್.
ಹಳೆಯ ಗವರ್ನರ ಹೆಸರಿಗೆ ನಾಲ್ಕು ತಿರುಪು.
ಮೂರು ಬಂದವು. ಒಂದಕ್ಕೆ ತುಕ್ಕು,
ಬಿಡಲೊಲ್ಲದು.

"ಯಾರಿಗೆ ಹಾಕಿದೆ?" ಕೆಳಗಿಂದ ಹುಡುಗ ಕೇಳಿದ.
"ಎಣ್ಣೆ ಕೊಡು," ಅಂದಳು.

ಹೊಸ ಹೆಸರು ಎರಡಕ್ಷರ ಹೆಚ್ಚು ಉದ್ದ,
ತೂತುಗಳು ಮಾತ್ರ ಅವೇ.

ಕಳಚಿದ್ದನ್ನು ಟ್ರಕ್ಕಿಗೆಸೆದು ಮನೆಗೆ ತಂದಳು.
ಹಿತ್ತಲ ನಾಯಿಗೂಡಿನ ಮೇಲೆ ಆಗಲೇ ಇಬ್ಬರಿದ್ದಾರೆ,
ಆ ಪಕ್ಷದವನೊಬ್ಬ, ಈ ಪಕ್ಷದವನೊಬ್ಬ,
ಅಂಚಿಗಂಚು ಹೊದಿಸಿ ಮೊಳೆ ಹೊಡೆದದ್ದು.
ಬಾಗಿಲ ಬಳಿ ಇನ್ನೂ
ಸೋರುವ ಜಾಗವೊಂದಿತ್ತು.

ನಾಯಿ ಹೊರಬಂದು ಮೂರನೆಯವನನ್ನು ಮೂಸಿತು.
ಬೊಗಳಲಿಲ್ಲ.