ಐದನೇ ಸೀಟಿನಲ್ಲಿ ಐಸ್ ಪೆಟ್ಟಿಗೆ

ಐದನೆಯವರು ಬಂದರೆ
ಐಸ್ ಪೆಟ್ಟಿಗೆಗೆ ಇನ್ನೊಂದು ಗಾಡಿ ಬೇಕು.
ಗಾಡಿ ಎರಡಾದರೆ
ಇಲ್ಲಿ ಹುಟ್ಟಿದ ನಗು ಅಲ್ಲಿಗೆ ಮುಟ್ಟುವುದಿಲ್ಲ,
ಫೋನಿನಲ್ಲಿ ವಿವರಿಸಬೇಕಾಗುತ್ತದೆ.
ಅದಕ್ಕೇ ನಾವು ನಾಲ್ವರೇ.

ಶುಕ್ರವಾರ, ಇನ್ನೂ ಕತ್ತಲು,
ರುವಿಯ ಗಡಿಯಾರ ಗೋಪುರದ ಹತ್ತಿರ
ಇದಿನಬ್ಬನ ಹಳೇ ಸನ್ನಿ ಕೆಮ್ಮುತ್ತ ನಿಂತಿದೆ.
ಮುಂದೆ ಅವನು, ಪಕ್ಕದಲ್ಲಿ ನಾನು,
ಹಿಂದೆ ರಾತ್ರಿ ಪಾಳಿ ಮುಗಿಸಿ
ಬಿಳಿ ಚಪ್ಪಲಿಯಲ್ಲೇ ಬಂದ ನೀಲಾಂಬಿಕಾ ಸಿಸ್ಟರ್,
ನಡುವೆ ಐಸ್ ಪೆಟ್ಟಿಗೆ,
ಆಚೆ ಕಿಟಕಿಗೆ ತಲೆಯಾನಿಸಿ
ಹತ್ತುವ ಮೊದಲೇ ನಿದ್ದೆಹೋದ ಪುಟ್ಟಮಾದ.

ಬಿದ್‌ಬಿದ್ ದಾಟುವಷ್ಟರಲ್ಲಿ ಬೆವರು.
"ಎಂತ ಮಾರಾಯ, ಮಸ್ಕತ್ತಿನ ಎಸಿ ಎಲ್ಲ ನೀನೇ ರಿಪೇರಿ ಮಾಡುದು,
ಇದೊಂದು ಆಗುದಿಲ್ವಾ?"
"ಗ್ಯಾಸು ಮುಗ್ದದ ಕನಣ್ಣ," ಕಣ್ಣು ಬಿಡದೆ ಪುಟ್ಟಮಾದ.
"ಕಿಡಕಿ ತಗೀರಿ ಮೊದಲ, ಉಸರ ಕಟ್ಟೈತಿ!"
ಕಿಟಕಿ ಇಳಿಯಿತು.
ಮರುಭೂಮಿಯ ನಸುಕು ತಣ್ಣಗೆ ಒಳಬಂದು
ನಮ್ಮ ನಡುವೆ ಕೂತಿತು, ಐಸ್ ಪೆಟ್ಟಿಗೆಯ ಮೇಲೆ.

ಇದಿನಬ್ಬ ನಮಾಜಿಗೆ ಇಳಿದ.
ನಾವು ಪಂಪಿನ ಪಕ್ಕ ಸುಲೈಮಾನಿ ಕುಡಿದೆವು,
ಅವನ ಲೋಟದ ಮೇಲೆ ಕಾಗದ ಮುಚ್ಚಿಟ್ಟು.

ಬಿದಿಯಾದಲ್ಲಿ ಡಾಂಬರು ಮುಗಿಯುತ್ತದೆ.
ಅಲ್ಲೇ ನಿಲ್ಲುವುದೆಂದು ಒಪ್ಪಂದ.
"ಇನ್ನು ಸ್ವಲ್ಪ" ಎಂದವರು ಯಾರು
ಎಂಬುದರ ಬಗ್ಗೆ ಇವತ್ತಿಗೂ ಜಗಳವಿದೆ.
ಮರಳು ಚಕ್ರಗಳನ್ನು ಮೆಲ್ಲಗೆ, ಪ್ರೀತಿಯಿಂದಲೇ, ನುಂಗಿತು.

ತಳ್ಳಿದೆವು. ಹುಗಿದುಕೊಂಡಿತು.
ಇನ್ನೂ ತಳ್ಳಿದೆವು.
ನನಗೆ ನಗು ಹತ್ತಿತು, ಯಾಕೋ,
ಎಂಟು ಕೈ, ಒಂದು ಡಿಕ್ಕಿ, ಸುತ್ತ ಯಾರೂ ಇಲ್ಲ.
ನಗುತ್ತ ತಳ್ಳಿದರೆ ಬಲ ಬರುವುದಿಲ್ಲ
ಎಂದು ಬೈಯಲು ಹೋದ ಇದಿನಬ್ಬ
ತಾನೇ ಮರಳಲ್ಲಿ ಕೂತುಬಿಟ್ಟ, ಹೊಟ್ಟೆ ಹಿಡಿದು.

ಪಿಕಪ್ಪಿನಲ್ಲಿ ಬಂದ ಮುದುಕನ ಹಿಂದೆ
ಮೂರು ಆಡು, ಒಂದು ಮೇವಿನ ಕಟ್ಟು.
ನಮ್ಮನ್ನು ನೋಡಿದ, ಟೈರು ನೋಡಿದ.
ಒಂದು ಕಡ್ಡಿ ಹುಡುಕಿ
ನಾಲ್ಕೂ ಟೈರಿನ ಗಾಳಿ ಇಳಿಸತೊಡಗಿದ,
ಸುಯ್ಯೆಂದು, ಒಂದೊಂದಾಗಿ,
"ಶ್ವಾಯ್, ಶ್ವಾಯ್" ಎನ್ನುತ್ತ.
ಉಬ್ಬಿದ್ದರೆ ಹೂಳುತ್ತದೆ, ಚಪ್ಪಟೆಯಾದರೆ ತೇಲುತ್ತದೆ.
"ಇದನ್ನ ನಮ್ಮ ಮ್ಯಾಟ್ರನ್‌ಗ ಯಾರರ ಹೇಳ್ರಿ,"
ಅಂದಳು ನೀಲಾಂಬಿಕಾ.

ಗಾಡಿ ಹೊರಬಂತು. ಅವನು ಕಹ್ವಾ ಕೊಟ್ಟ, ಖರ್ಜೂರ ಕೊಟ್ಟ.
ನಾವು ಐಸ್ ಪೆಟ್ಟಿಗೆಯ ಮುಚ್ಚಳದ ಮೇಲೆ
ಈರುಳ್ಳಿ ಹೆಚ್ಚಿ, ನಿಂಬೆ ಹಿಂಡಿ, ಕಲಸಿ ಕೊಟ್ಟೆವು.
ಇದರ ಹೆಸರೇನು ಎಂದು ಕೇಳಿದ.
ಮಂಡಕ್ಕಿ, ಎಂದೆ ನಾನು, ಹರಿಹರದವನು.
ಚುರಮರಿ, ಎಂದಳು ರೋಣದವಳು.
ಚರುಮುರಿ, ಎಂದ ಉಳ್ಳಾಲದವನು.
ಕಳ್ಳೆಪುರಿ ಕನ ತಾತ, ಎಂದ ಕೊಳ್ಳೇಗಾಲದವನು, ಕನ್ನಡದಲ್ಲೇ.
ಮುದುಕ ಒಂದು ಹಿಡಿ ಬಾಯಿಗೆ ಹಾಕಿ ಅಗಿದು ನೋಡಿ
"ಐಶ್" ಎಂದ.
ಅಕ್ಕಿಗೆ ಇಲ್ಲಿಯವರು ಹಾಗನ್ನುತ್ತಾರೆ, ಎಂದ ಇದಿನಬ್ಬ.
ಬದುಕಿಗೂ ಅದೇ ಮಾತು.
ಆಮೇಲೆ ಯಾರೂ ಏನೂ ಹೇಳಲಿಲ್ಲ.
ಆಡುಗಳಿಗೂ ಒಂದೊಂದು ಮುಷ್ಟಿ ಹಾಕಿದೆವು.

ಸಂಜೆ ಇಬ್ರಾದಲ್ಲಿ ಗಾಳಿ ತುಂಬಿಸಿಕೊಂಡು ಮರಳಿದೆವು.
ಬರುವಾಗ ಮೂವರೂ ಮಲಗಿದ್ದರು,
ಹೆಡ್‌ಲೈಟಿನ ಬೆಳಕಲ್ಲಿ ಎಚ್ಚರವಾಗಿದ್ದವರು
ಇದಿನಬ್ಬ ಮತ್ತು ಅವನ ಹಲ್ಲಿನ ನಡುವಿನ ಲವಂಗ
ಎಂದು ಅವನೇ ಮರುದಿನ ದೂರಿದ.

ನಾನು ಲೆಕ್ಕ ಬರೆಯುವವನು, ಊರಲ್ಲೂ, ಇಲ್ಲಿಯೂ.
ರಾತ್ರಿ ಕೂತು ಕೂಡಿಸಿದೆ:
ಪೆಟ್ರೋಲು, ಐಸು, ನೀರು, ಸುಲೈಮಾನಿ.
ತಲಾ ಮೂರು ರಿಯಾಲ್, ಇನ್ನೂರು ಬೈಸಾ.
ಡಬ್ಬಿಯಲ್ಲಿ ಒಂದು ರಿಯಾಲ್ ಹೆಚ್ಚಿತ್ತು.
ಮೂವರನ್ನೂ ಕೇಳಿದೆ. ಮೂವರೂ ತಮ್ಮದಲ್ಲ ಎಂದರು.
ಹದಿನೆಂಟು ವರ್ಷದಲ್ಲಿ ತಾಳೆಯಾಗದ
ಒಂದು ಪುಟವನ್ನೂ ನಾನು ಮಡಚಿಟ್ಟವನಲ್ಲ.
ಇದನ್ನು ಹಾಗೇ ಬಿಟ್ಟಿದ್ದೇನೆ.
ಶೂ ಕೊಡವಿದಾಗ ಬಿದ್ದ ಮರಳು
ಪುಸ್ತಕದ ನಡುಮಡಿಕೆಯಲ್ಲಿ ಕೂತಿದೆ,
ಅದನ್ನೂ.