ಒಂಟಿಗೆಡ್ಡೆಯ ವರ್ಷ

ಹೋಳಿಗೆ ಎರಡಾದರೂ ಕಣ್ಣಿರಬೇಕು,
ಒಂದು ಕುರುಡಾದರೆ ಇನ್ನೊಂದು ಚಿಗುರಲಿ ಅಂತ.
ದುದ್ದದ ಶೆಡ್ಡಿನಲ್ಲಿ ಮೇ ತಿಂಗಳಿಡೀ
ಇದೇ ನನ್ನ ಕೂಲಿ:
ಜಲಂಧರದಿಂದ ಲಾರಿಯಲ್ಲಿ ಬಂದ ಆಲೂಗೆಡ್ಡೆ,
ಪಾದದಡಿ ಈಳಿಗೆಮಣೆ, ಪಕ್ಕದಲ್ಲಿ ಬೂದಿಯ ಬಕೆಟ್ಟು.
ಕಣ್ಣಿಲ್ಲದ ಹೋಳು ಸಾರಿಗೆ.
ಮನೆಗೆ ಒಯ್ದರೆ ಮೇಸ್ತ್ರಿ ಬೈಯುವುದಿಲ್ಲ.

ಬಿತ್ತನೆ ಅನ್ನುತ್ತೇವೆ, ಬೀಜ ಅನ್ನುತ್ತೇವೆ,
ಬೀಜ ಎಲ್ಲಿದೆ ಇದರಲ್ಲಿ?
ಹೂವಿನ ಹಂಗಿಲ್ಲ, ದುಂಬಿಯಿಲ್ಲ,
ಗಂಡಿನ ಕಡೆಯವರಿಲ್ಲ.
ಕೊಯ್ದ ಗಾಯ ಒಣಗಿದರೆ ಸಾಕು.
ಇದನ್ನು ಹೇಳಿದ್ದು ನಾನಲ್ಲ, ದ್ಯಾವಕ್ಕ,
ನನ್ನ ಸೋದರತ್ತೆ.

ಜಾವಗಲ್ಲಿನ ಗಂಡನ ಮನೆಯಿಂದ
ಒಂದು ಮಧ್ಯಾಹ್ನ ಎದ್ದು ಬಂದವಳು.
ಹಂಡೆ ಬಿಟ್ಟಳು, ಓಲೆ ಬಿಟ್ಟಳು,
ಕರುವಿನಿಂದ ಸಾಕಿದ ಎಮ್ಮೆಯನ್ನೂ ಬಿಟ್ಟು
ಸೆರಗಿನ ಗಂಟಲ್ಲಿ ತಂದದ್ದು
ಹನ್ನೊಂದು ಎಸಳು ಬೆಳ್ಳುಳ್ಳಿ.
ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರಂತೆ.
ಕೆಂಪು ಸಿಪ್ಪೆ, ಸಣ್ಣ ಎಸಳು,
ಸುಲಿಯುವವರ ಉಗುರು ಉರಿಸುವ ಖಾರ.
ಥೇಟ್ ಅವಳೇ, ಅನ್ನುತ್ತಿದ್ದ ಅಪ್ಪ,
ಅವಳಿಗೆ ಕೇಳಿಸದ ಹಾಗೆ.

ಹಿತ್ತಲಲ್ಲಿ ಮೂವತ್ತೊಂದು ಬೆಳೆ.
ಪ್ರತಿ ಸಲವೂ ಒಳ್ಳೆಯ ಹತ್ತು ಗೆಡ್ಡೆ
ಒಲೆಯ ಮೇಲಿನ ಅಟ್ಟಕ್ಕೆ, ಹೊಗೆ ಕುಡಿಯಲು.
ಉಳಿದದ್ದು ಒಗ್ಗರಣೆಗೆ.

ಅವಳು ಹೋದ ವರ್ಷವೇ ಕೊಳೆ ಬಿತ್ತು.
ಕಿತ್ತರೆ ಬುಡದಲ್ಲಿ ಬಿಳಿ ಬೂಷ್ಟು,
ಅದರೊಳಗೆ ಗಸಗಸೆಯಷ್ಟು ಕಪ್ಪು ಕಾಳು.
ತೋಟಗಾರಿಕೆ ಇಲಾಖೆಯ ಹುಡುಗ
ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತ
'ಮಣ್ಣಿಗೇ ಹತ್ತಿದೆಯಮ್ಮ, ಬೇರೆ ತಳಿ ತಂದ್ಕೊಳ್ಳಿ' ಅಂದ.
ಬೇರೆ ತಳಿ ಸಂತೆಯಲ್ಲಿ ರಾಶಿ ಬಿದ್ದಿದೆ,
ಬೆಳ್ಳಗೆ, ಹೆಬ್ಬೆರಳ ಗಾತ್ರ, ಸುಲಿಯಲು ಸಲೀಸು.
ಕುದಿಸಿದರೆ ಹಾಕಿದ್ದೇ ಗೊತ್ತಾಗುವುದಿಲ್ಲ.

ಬೇಲಿ ಮೂಲೆಯಲ್ಲಿ ಒಂದು ಗಿಡ ಮಾತ್ರ
ಗೇಣೆತ್ತರದಲ್ಲಿ ಉಬ್ಬಿತ್ತು,
ಇಲಿ ನುಂಗಿದ ಕೇರೆಯ ಹಾಗೆ.
ಅಂಥದ್ದು ಕಂಡರೆ ದ್ಯಾವಕ್ಕ ಚಿವುಟಿ ಎಸೆಯುತ್ತಿದ್ದಳು,
'ಕೆಳಗೆ ತುಂಬೋದು ಬಿಟ್ಟು ಮೇಲೆ ಮೆರೀತದೆ ಮುಂಡೇದು!'
ಬುಡ ಕೊಳೆತು ಕೈಗೇ ಬಂತು.
ಉಬ್ಬು ಗಟ್ಟಿಯಿತ್ತು.
ಉಗುರಲ್ಲಿ ಸೀಳಿದೆ.

ಏಳು ಮರಿ.
ಅಕ್ಕಿಗಿಂತ ದಪ್ಪ, ಅವರೆಗಿಂತ ಸಣ್ಣ,
ಒಂದೊಂದಕ್ಕೂ ಅದೇ ಕೆಂಪು ಅಂಗಿ.
ಅವು ಮಣ್ಣು ಮುಟ್ಟಿಯೇ ಇರಲಿಲ್ಲ.
ಮಣ್ಣಿನ ರೋಗಕ್ಕೆ ಅಷ್ಟೆತ್ತರ ಹತ್ತಲು ಬರಲಿಲ್ಲ.

ತೂತು ಬಿದ್ದ ಬಾಂಡಲಿ, ಕೆರೆಗೋಡು.
ಮೊದಲ ವರ್ಷ ಹುಲ್ಲಿನ ಹಾಗೆ ಬಂತು, ನಾಚಿಕೆಯಾಗುವಷ್ಟು.
ಎರಡನ್ನು ಪಕ್ಕದ ಮನೆ ಕೋಳಿ ಕೆದರಿತು.
ಕಿತ್ತಾಗ ಐದು ಒಂಟಿಗೆಡ್ಡೆ,
ಗೋಲಿಯ ಹಾಗೆ ಗುಂಡಗೆ,
ಒಳಗೆ ಎಸಳಿಲ್ಲ, ಗೆರೆಯಿಲ್ಲ.
'ಒಂಟಿ ಬೆಳ್ಳುಳ್ಳಿ ವಾಯುಗೆ ರಾಮಬಾಣ,
ಒಂದಕ್ಕೆ ಇಪ್ಪತ್ತು ಕೊಡ್ತೀನಿ' ಅಂದ ನಾಟಿ ಪಂಡಿತ.
ಅವನ ಕಡೆ ನೋಡದೆ ಅಟ್ಟ ಹತ್ತಿದೆ.

ಮರುವರ್ಷ ಒಂಟಿಗಳು ಒಡೆದವು:
ಎಂಟು ಎಸಳು, ಆರು, ಒಂಬತ್ತು.
ಒಂದು ಮಾತ್ರ ಮತ್ತೆ ಒಂಟಿಯಾಗಿಯೇ ಉಳಿಯಿತು.
ಇರಲಿ. ಅದರ ಇಷ್ಟ.

ಇವತ್ತು ಬೆಳಿಗ್ಗೆ ಒಂದು ಎಸಳು ಜಜ್ಜಿದೆ.
ಇದು ಅವಳು ತಂದ ಬೆಳ್ಳುಳ್ಳಿಯ ಮಗಳಲ್ಲ,
ಮೊಮ್ಮಗಳಲ್ಲ. ಅದೇ ಇದು.
ಆ ಮಧ್ಯಾಹ್ನ ಬಸ್ಸಿನಲ್ಲಿ ಘಾಟು ಹಬ್ಬಿಸಿದ್ದು ಇದೇ.
ನಾನು ಹಾಗಲ್ಲ. ನನ್ನ ಮೂಗು ಅಮ್ಮನದು,
ಮೊಣಕಾಲು ನೋವು ಅಪ್ಪನದು,
ದ್ಯಾವಕ್ಕನದು ಅಂತ ಇದ್ದರೆ ಸ್ವಲ್ಪ ಮೊಂಡುತನ,
ಅದೂ ನೀರು ಬೆರೆತದ್ದು.

ಶೆಡ್ಡಿಗೆ ಹೋದಾಗ ಮೇಸ್ತ್ರಿ
ಏನಮ್ಮಾ ನಿನ್ನ ಕೈ, ಅಂತ ಮೂಗು ಸೊಟ್ಟ ಮಾಡಿದ.
ಇನ್ನೂ ಮೂರು ಮೂಟೆ ಇತ್ತು.
ಗೆಡ್ಡೆ ತಿರುಗಿಸಿ ತಿರುಗಿಸಿ, ಕಣ್ಣು ಹುಡುಕಿ
ಕೊಯ್ಯುತ್ತ ಕೂತೆ.