ಈ ತಿಂಗಳ ಮೌಲ್ಯ

ಜುಬೈಲಿನ ನಮ್ಮ ಶಾಲೆಯ ತತ್ವ
ಫೀ ರಸೀದಿಯ ಬೆನ್ನಿಗೆ ಅಚ್ಚಾಗಿದೆ:
ಮೊದಲು ಚಾರಿತ್ರ್ಯ, ಆಮೇಲೆ ಅಂಕ.
ಬಾಗಿಲಲ್ಲಿ ಹಲಗೆ, ತಿಂಗಳಿಗೊಂದು ಮೌಲ್ಯ,
ಥರ್ಮೋಕೋಲ್ ಕತ್ತರಿಸಿ ಅಂಟಿಸುವವಳು ನಾನೇ.
ಅಕ್ಟೋಬರಿನಲ್ಲಿ ಕರುಣೆಯ ಮೊದಲಕ್ಷರ
ಸೆಕೆಗೆ ಅಂಟುಬಿಟ್ಟು ಉದುರಿತು.
ಎರಡು ವಾರ ಹಾಗೇ ಇತ್ತು. ಯಾರೂ ಕೇಳಲಿಲ್ಲ.

ನಾಲ್ಕನೇ ತರಗತಿ, ಮೂವತ್ತೆಂಟು ಹುಡುಗಿಯರು,
ಒಬ್ಬೊಬ್ಬಳಿಗೂ ಒಂದು ಸದ್ಗುಣದ ಡೈರಿ.
ದಿನಕ್ಕೊಂದು ಒಳ್ಳೆಯ ಕೆಲಸ ಅವರು ಬರೆಯಬೇಕು,
ಗುರುವಾರ ನಾನು ಸಹಿ ಹಾಕಬೇಕು.
ಮೂವತ್ತು ಮಂದಿಯಾದರೂ ಬರೆಯುತ್ತಾರೆ:
‘ಒಬ್ಬ ಅಜ್ಜನಿಗೆ ರಸ್ತೆ ದಾಟಿಸಿದೆ.’
ಯಾವ ಅಜ್ಜ?
ಅರವತ್ತಾಯಿತೋ, ಕಂಪನಿ ಟಿಕೇಟು ಕೊಟ್ಟು ಕಳಿಸುವ ಊರು ಇದು.
ರಸ್ತೆಯೋ, ಆರು ಸಾಲು; ನಡೆದು ದಾಟುವವರೇ ಇಲ್ಲ.
ಆದರೂ ಆ ಅಜ್ಜ ವಾರವಾರವೂ
ಮೂವತ್ತು ಪುಟ್ಟ ಕೈ ಹಿಡಿದು ದಾಟುತ್ತಲೇ ಇರುತ್ತಾನೆ,
ನಾನು ಸಹಿ ಹಾಕುತ್ತಲೇ ಇರುತ್ತೇನೆ.

ನವೆಂಬರ್: ಪ್ರಾಮಾಣಿಕತೆ.
ದೊಡ್ಡ ಪದ, ಎರಡು ಹಾಳೆ ಥರ್ಮೋಕೋಲ್ ಬೇಕಾಯಿತು.
ಬಿಲ್ಲೆ ಸಿಕ್ಕಿದ್ದು ತಹೂರಾಳಿಗೆ. ಭಟ್ಕಳದವರ ಹುಡುಗಿ,
ಬಿದ್ದ ಪೆನ್ಸಿಲಿನ ತುಂಡನ್ನೂ ತಂದು
ಮೇಜಿನ ಮೇಲಿಟ್ಟು ಹೋಗುವವಳು.

ಆ ಮಂಗಳವಾರ, ಎರಡನೇ ಪೀರಿಯಡ್ಡು,
ನಿಜವನ್ನೇ ಹೇಳಬೇಕು, ಏಕೆಂದರೆ
ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ.
ಆಯಾ ಓಡಿಬಂದಳು: ‘ಮಿಸ್, ಚೆಕಿಂಗ್!’

ನನ್ನ ಇಕಾಮಾ ಕಾರ್ಡಿನಲ್ಲಿ ಅರಬ್ಬಿಯ ಒಂದು ಸಾಲಿದೆ:
ಕೆಲಸಕ್ಕೆ ಅನುಮತಿ ಇಲ್ಲ.
ಬಲದಿಂದ ಓದಿದರೂ ಅಷ್ಟೇ, ಎಡದಿಂದ ಓದಿದರೂ ಅಷ್ಟೇ,
ಗೊಬ್ಬರದ ಕಾರ್ಖಾನೆಯ ಶಿಫ್ಟ್ ಇನ್‌ಚಾರ್ಜನ ಹೆಂಡತಿ ನಾನು.
ನನ್ನಂಥವರು ಹನ್ನೊಂದು ಮಂದಿ. ದಾರಿ ಎಲ್ಲರಿಗೂ ಬಾಯಿಪಾಠ:
ಲೈಬ್ರರಿ ದಾಟಿ, ಹಿಂದಿನ ಮೆಟ್ಟಿಲಿಳಿದು, ಆಟದ ಸಾಮಾನಿನ ಕೋಣೆ.
ಬಾಸ್ಕೆಟ್‌ಬಾಲುಗಳ ನಡುವೆ ಕೂತೆವು.
ಗಣಿತದ ಲಿಲ್ಲಿಕುಟ್ಟಿ ಮಿಸ್ ಮೊಬೈಲ್ ಬೆಳಕಿನಲ್ಲಿ
ಉತ್ತರಪತ್ರಿಕೆ ತಿದ್ದುತ್ತಿದ್ದಳು,
ಅರ್ಧ ಅಂಕಕ್ಕೂ ಮೋಸವಾಗದ ಹಾಗೆ ಕೂಡಿ, ಮತ್ತೆ ಕೂಡಿ.
ಯಾರಿಗೋ ನಗು ಬಂತು.
ಅದು ಗೋಡೆಗೆ ಬಡಿದು ಪುಟಿದು
ನಮ್ಮ ಕಾಲಬುಡಕ್ಕೇ ಬಂದು ನಿಂತಿತು.

ಬಂದವಳು ಒಳ್ಳೆಯ ಹೆಂಗಸಂತೆ,
ಮಕ್ಕಳಿಗೆಲ್ಲ ಖರ್ಜೂರ ಹಂಚಿದಳಂತೆ,
ಬಿಲ್ಲೆ ಕಂಡು ತಹೂರಾಳನ್ನೇ ಕೇಳಿದಳಂತೆ:
‘ನಿಮ್ಮ ಮಿಸ್ ಎಲ್ಲಿ?’
ಹುಡುಗಿ ಬೋರ್ಡು ನೋಡಿದಳಂತೆ,
ಕುರ್ಚಿಗೆ ನೇತುಬಿಟ್ಟ ನನ್ನ ಬ್ಯಾಗು ನೋಡಿದಳಂತೆ.
‘ನಮಗೆ ಮಿಸ್ ಇಲ್ಲ,’ ಅಂದಳಂತೆ,
‘ನಾವೇ ಓದಿಕೊಳ್ಳುತ್ತೇವೆ.’

ಸಂಜೆ ಅಡುಗೆಗೆ ನಿಂತರೆ, ದೇವರಾಣೆ,
ಫ್ರಿಜ್ಜಿನಲ್ಲಿ ಇದ್ದದ್ದು ಬದನೆಕಾಯಿ ಒಂದೇ.
ಹೆಚ್ಚಿದೆ. ಕಪ್ಪಾಗದಿರಲೆಂದು
ಉಪ್ಪುನೀರಿಗೆ ಹಾಕಿದೆ.
ಕಿಟಕಿಯಾಚೆ ಚಿಮಣಿಯ ತುದಿಯಲ್ಲಿ
ಯಾರೂ ಹೊತ್ತಿಸಿದ್ದು ಕಾಣದ, ಯಾರೂ ಆರಿಸದ ಬೆಂಕಿ.

ಗುರುವಾರ ಡೈರಿಗಳು ಬಂದವು.
ಅಜ್ಜ ಎಂದಿನಂತೆ ರಸ್ತೆ ದಾಟಿದ.
ತಹೂರಾಳ ಪುಟದಲ್ಲಿ ಗುಂಡು ಅಕ್ಷರ:
‘ಮಂಗಳವಾರ ಒಂದು ಸುಳ್ಳು ಹೇಳಿದೆ.
ಯಾಕೆ ಅಂತ ಮಿಸ್‌ಗೆ ಗೊತ್ತು.
ಇದನ್ನು ಇದೇ ಪುಟದಲ್ಲಿ ಬರೆಯಬೇಕಾ,
ಬೇರೆ ಪುಟ ಕೊಡುತ್ತೀರಾ?’
ಕೆಳಗೆ, ಕಾಗದಕ್ಕೆ ಪಿನ್ನು ಚುಚ್ಚಿ, ಬಿಲ್ಲೆ ವಾಪಸ್ಸು.

ಆ ಡೈರಿ ಇನ್ನೂ ನನ್ನ ಬಳಿಯೇ ಇದೆ.
ಡಿಸೆಂಬರಿಗೆ ಧೈರ್ಯ ಎಂದು ಆಫೀಸಿನಿಂದ ಚೀಟಿ ಬಂತು.
ಹಳೆಯದನ್ನು ಕಿತ್ತು, ಹೊಸದನ್ನು ಅಂಟಿಸುತ್ತಿದ್ದೇನೆ.
ಏಣಿ ಹಿಡಿದವಳು ತಹೂರಾ.
‘ಸೊಟ್ಟಗಿದೆ ಮಿಸ್,’ ಅನ್ನುತ್ತಾಳೆ ಕೆಳಗಿನಿಂದ,
‘ಮೂರನೆಯ ಅಕ್ಷರ.’
ಅಂಟು ಇನ್ನೂ ಹಸಿ ಇದೆ.